ಸಂಗೀತ ತಿಳಿಯದವರ ಕುರ್ಚಿ

ನಮ್ಮೂರಿನಲ್ಲಿ ಹೊಸ ಹಾಡು ಹುಟ್ಟಿದರೆ ಮೊದಲು ಅದಕ್ಕೊಂದು ಮನೆ ಆಗಬೇಕು. ಬೇಕೆಂದವರು ‘ಬಾರಪ್ಪ’ ಎಂದು ಕರೆದರೆ ಸಾಕು, ಕರುವಿನ ಹಾಗೆ ಹಿಂದೆ ಬರುತ್ತದೆ. ಬಂದ ಮೇಲೆ ತನಗೊಪ್ಪುವ ಜಾಗವನ್ನು ತಾನೇ ನೋಡಿಕೊಳ್ಳುತ್ತದೆ. ಒಂದು ಹಿಟ್ಟಿನ ಡಬ್ಬದ ಹಿಂದೆ ಕೂತರೆ ಇನ್ನೊಂದು ಬಚ್ಚಲ ಹಂಡೆಯ ಪಕ್ಕ. ದಿನಕ್ಕೆ ಒಂದೋ ಎರಡೋ ಸಲ ತನ್ನ ಪಾಡಿಗೆ ಹಾಡಿಕೊಳ್ಳುತ್ತದೆ. ಹತ್ತು ಮನೆಯವರು ಕರೆದರೆ ಬಾಳೆಗಿಡ ಕಂದು ಬಿಟ್ಟ ಹಾಗೆ ಹತ್ತಾಗುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಹಾಡು ಹಾಡುವಷ್ಟು ಹೊತ್ತೂ ಮನೆಯವರು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನಿರಬೇಕು. ಮನೆಗೆ ಬಂದವರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲವಲ್ಲ, ಹಾಗೆ. ತೊಟ್ಟಿಲ ಮಕ್ಕಳಿಗೂ ನಾವು ಇದನ್ನೇ ಮೊದಲು ಕಲಿಸುವುದು.

ಯಾರೂ ಕರೆಯದ ಹಾಡು ಕಟ್ಟಿದವರ ಗಂಟಲಿಗೇ ವಾಪಸು ಹೋಗಿ ಕೂರುತ್ತದೆ. ಒಂದು ಕೂತರೆ ಕೆಮ್ಮಿಕೊಂಡು ಕಾಲ ಹಾಕಬಹುದು. ಒಟ್ಟಿಗೆ ಏಳೆಂಟು ಬಂದು ಕೂತರೆ ಆ ಗಂಟಲಿಂದ ಮತ್ತೆ ಹಾಡು ಬರುವುದಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಛತ್ರಿ ರಿಪೇರಿ ಮಾಡುವವನು ಹುಡುಗನಾಗಿದ್ದಾಗ ದೊಡ್ಡ ಹಾಡುಗಾರನಂತೆ. ಈಗ ಅವನು ರಿಪೇರಿಯ ರೇಟು ಹೇಳುವುದೂ ಬೆರಳಿನಲ್ಲೇ.

ಹೀಗಿರುವುದರಿಂದ ಯಾವ ಹಾಡನ್ನು ಕರೆಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದಕ್ಕೆ ಊರಿನಲ್ಲಿ ಮೂರು ಕುರ್ಚಿಗಳಿವೆ. ಮೊದಲನೆಯದು ತಿಳಿದವರ ಕುರ್ಚಿ. ಅದರಲ್ಲಿ ನಂಜರಾಜಯ್ಯ ಮೇಷ್ಟ್ರು ಕೂರುತ್ತಾರೆ. ಅವರು ಸಂಗೀತ ಕಲಿಸಿ ನಿವೃತ್ತರಾದವರು, ಪಕ್ಕದ ಮನೆಯ ಒಗ್ಗರಣೆ ಸಿಡಿದರೂ ಶ್ರುತಿ ಎಷ್ಟೆಂದು ಹೇಳುವವರು. ಎರಡನೆಯದು ಅಭಿಮಾನಿಗಳ ಕುರ್ಚಿ. ಅದು ಮೊಬೈಲ್ ಅಂಗಡಿಯ ಕಿರೀಟಿಯದು. ಮೂರನೆಯದು ಸಂಗೀತ ತಿಳಿಯದವರ ಕುರ್ಚಿ, ಅದು ನನ್ನದು. ಇದನ್ನು ಹಿರಿಯರು ಯಾಕೆ ಇಟ್ಟರೋ ಗೊತ್ತಿಲ್ಲ. ಮೊದಲ ಇಬ್ಬರು ಮಾತಾಡಿ ಸುಸ್ತಾದ ಮೇಲೆ ಜನ ಸ್ವಲ್ಪ ನಗಲಿ ಎಂದಿರಬಹುದು.

ಆ ಕುರ್ಚಿಗೆ ನಾನು ಹೇಗೆ ಬಂದೆ ಎಂದರೆ, ಸೋಡಾ ಫ್ಯಾಕ್ಟರಿಯಲ್ಲಿ ಬಾಟಲಿ ತೊಳೆಯುವ ಕೆಲಸ ಬಿಟ್ಟ ಮೇಲೆ ರಾತ್ರಿ ಶಾಲೆಗೆ ಸೇರಿದೆ. ಅಲ್ಲಿ ಓದು, ಬರಹ, ಲೆಕ್ಕ, ನದಿಗಳ ಹೆಸರು, ಎಲ್ಲ ಕಲಿಸಿದರು. ಸಂಗೀತ ಮಾತ್ರ ಪಾಠದಲ್ಲಿರಲಿಲ್ಲ. ಮೂರನೆಯ ಕುರ್ಚಿಯಲ್ಲಿ ಮೊದಲು ಕೂರುತ್ತಿದ್ದ ಅಜ್ಜಿ ತೀರಿಕೊಂಡು ಕುರ್ಚಿ ಖಾಲಿಯಾದಾಗ ಸಭೆಯ ಅಧ್ಯಕ್ಷ ಬೋರಣ್ಣ ಮನೆಗೆ ಬಂದು ಕಿಟಕಿಯ ಹಲಗೆಯ ಮೇಲೆ ತಾಳ ತಟ್ಟಿ ತೋರಿಸಿ, ಇದೇನು ಹೇಳಿ ಎಂದ. ಯಾರೋ ಬಾಗಿಲು ಬಡೀತಿದ್ದಾರೆ ಅಂದೆ. ಅಲ್ಲೇ ಆಯ್ಕೆಯಾದೆ. ಆ ಕುರ್ಚಿಗೆ ಎರಡು ಕೈಗಳಿವೆ, ಬೆನ್ನಿಗೆ ಬೆತ್ತದ ಹೆಣಿಗೆಯಿದೆ. ನಾನು ಹುಟ್ಟಿದಾಗಿನಿಂದ ಕೂತದ್ದೆಲ್ಲ ಮಣೆಯ ಮೇಲೆ, ಇಲ್ಲವೇ ಬೋರಲು ಹಾಕಿದ ಸೋಡಾ ಕ್ರೇಟಿನ ಮೇಲೆ. ಬೆನ್ನು ಆನಿಸಿಕೊಂಡು ಕೂರುವುದು ಎಷ್ಟು ಸುಖವೆಂದು ತಿಳಿದದ್ದು ಅಲ್ಲೇ. ಅದರಲ್ಲಿ ಕೂರುವವರಿಗೆ ಕಟ್ಟಳೆ ಒಂದೇ. ಕೂತವರು ಯಾವತ್ತಾದರೂ ಒಂದು ರಾಗ ಗುನುಗಿದ್ದು ಗೊತ್ತಾದರೆ ಸಂಗೀತ ತಿಳಿದವರ ಲೆಕ್ಕಕ್ಕೆ ಸೇರುತ್ತಾರೆ, ಕುರ್ಚಿ ಬಿಡಬೇಕು.

ಈಗ ವಾರಿಜಳ ವಿಷಯಕ್ಕೆ ಬರುತ್ತೇನೆ. ಚಿಕ್ಕ ವಯಸ್ಸಿನಲ್ಲಿ ಅವಳೂ ಮನೋಹರ ಎಂಬ ಹುಡುಗನೂ ಸೇರಿ ‘ಜೋಡಿ ಚಪ್ಪಲಿ’ ಎಂದು ಹೆಸರಿಟ್ಟುಕೊಂಡು ಹಾಡುತ್ತಿದ್ದರು. ಯಾವ ಕಂಪನಿಯ ಹಂಗೂ ಇರಲಿಲ್ಲ. ಒಂದು ಗಿಟಾರು, ತಾಳ ತಟ್ಟಲು ಒಂದು ಡಬ್ಬಿ, ಎರಡು ಗಂಟಲು. ಅವರ ‘ಬಿಸಿಲಲ್ಲಿ ಬೈಸಿಕಲ್’ ಎಂಬ ಹಾಡು ಇಡೀ ಊರಿನ ಬಚ್ಚಲುಗಳಿಗೆ ಹೋಗಿ ಸೇರಿಕೊಂಡಿತು. ಬೋರಣ್ಣನ ಮನೆಯಲ್ಲಂತೂ ಇವತ್ತಿಗೂ ಮೈಮೇಲೆ ನೀರು ಬಿದ್ದೊಡನೆ ಟ್ರಿಣ್ ಟ್ರಿಣ್ ಎಂದು ಶುರುವಾಗುತ್ತದೆ. ಬೆರಳು ಬಾಯಿಗಿಟ್ಟು ನಿಲ್ಲಬೇಕಾದ್ದರಿಂದ ಅವನು ಒಂದೇ ಕೈಯಲ್ಲಿ ಸೋಪು ಹಚ್ಚಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ.

ಆಮೇಲೆ ಮನೋಹರ ಹೊಳೆಯಾಚೆ ಟೈಲ್ಸ್ ಅಂಗಡಿ ಇಟ್ಟು ಅಲ್ಲೇ ಮದುವೆಯಾದ. ವಾರಿಜ ಬಹಳ ವರ್ಷ ಸುಮ್ಮನಿದ್ದಳು. ಮಕ್ಕಳಿಗೆ ಟ್ಯೂಷನ್ ಹೇಳುತ್ತ, ತಲೆಗೂದಲು ಅರ್ಧ ನೆರೆತ ಮೇಲೆ ಇದ್ದಕ್ಕಿದ್ದಂತೆ ಒಬ್ಬಳೇ ಎಂಟು ಹಾಡು ಕಟ್ಟಿ ‘ಮಧ್ಯಾಹ್ನ ಮೂರು ಗಂಟೆ’ ಎಂಬ ಆಲ್ಬಂ ಹೊರಗೆ ತಂದಳು. ಒಂಟಿ ಚಪ್ಪಲಿ ಹಾಕಿಕೊಂಡು ಎಷ್ಟು ದೂರ ನಡೆಯುತ್ತಾಳೋ ನೋಡೋಣ ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು.

ಪದ್ಧತಿಯ ಪ್ರಕಾರ ಎಂಟೂ ಹಾಡುಗಳು ಒಂದೊಂದು ವಾರ ಒಬ್ಬೊಬ್ಬ ವಿಮರ್ಶಕರ ಮನೆಯಲ್ಲಿರಬೇಕು. ಆಮೇಲೆ ಸಂತೆಯ ದಿನ ಮೈಕಿನ ಮುಂದೆ ಮೂವರೂ ಅಭಿಪ್ರಾಯ ಹೇಳಬೇಕು. ಅವತ್ತು ದೀಪ ಹಚ್ಚುವುದರೊಳಗೆ ಯಾವ ಮನೆಗೂ ಹೋಗದ ಹಾಡು ವಾರಿಜಳ ಗಂಟಲಿಗೆ ವಾಪಸು.

ಮೇಷ್ಟ್ರ ಮನೆಯಲ್ಲಿ ವಾರವಿದ್ದು ಬಂದ ಹಾಡುಗಳು ಕಿರೀಟಿಯ ಮನೆಗೆ ಹೋದವು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಹಾಡುಗಳು ಚೆನ್ನಾಗಿ ಶುರುವಾಗುತ್ತವಂತೆ, ಅರ್ಧ ಸಾಲಿಗೆ ನಿಂತುಬಿಡುತ್ತವಂತೆ. ನಿಂತು, ಎದುರಿಗಿದ್ದವರನ್ನೇ ನೋಡುತ್ತವಂತೆ. ಎದುರಿಗಿದ್ದವರು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಅವನ್ನು ನೋಡುತ್ತಾರಂತೆ. ಬಹಳ ಹೊತ್ತಾದ ಮೇಲೆ ಹಾಡು ನಿಟ್ಟುಸಿರಿಟ್ಟು ಮೂಲೆಗೆ ಹೋಗುತ್ತದಂತೆ. ಕಿರೀಟಿ ತನ್ನ ಮನೆಗೆ ಬಂದ ಹಾಡುಗಳಿಗೆ ಏನಾದರೂ ಜ್ವರವಿರಬಹುದೆಂದು ಹಣೆ ಮುಟ್ಟಿ ನೋಡಲು ಹೋದನಂತೆ. ಹಣೆ ಎಲ್ಲಿದೆಯೆಂದು ಗೊತ್ತಾಗಲಿಲ್ಲವಂತೆ.

ಕೊನೆಯ ವಾರ ಅವು ನನ್ನ ಮನೆಗೆ ಬಂದವು. ನನ್ನ ಮನೆಯೆಂದರೆ ನನ್ನದು ಮತ್ತು ನನ್ನ ನಾದಿನಿ ಸಿಂಗಾರಮ್ಮನದು. ನನ್ನ ಗಂಡ ತೀರಿಕೊಂಡ ಮೇಲೆ ನಾವಿಬ್ಬರೇ. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಮಾತಿಗೆ ಒಂದು ದಿನ ಜಗಳವಾಗಿ, ನಾನು ಅರ್ಧಕ್ಕೆ ಎದ್ದು ರಾತ್ರಿ ಶಾಲೆಗೆ ಹೋದೆ. ಹೊತ್ತಾಗಿತ್ತು, ಅವತ್ತು ಪರೀಕ್ಷೆ ಬೇರೆ. ಬರುವಷ್ಟರಲ್ಲಿ ಅವಳು ಮಾತು ಬಿಟ್ಟಿದ್ದಳು. ಅಂದಿನಿಂದ ಒಂದೇ ಅಡುಗೆಮನೆ, ಎರಡು ಒಲೆ. ಹೇಳಲೇಬೇಕಾದದ್ದಿದ್ದರೆ ಬೆಕ್ಕಿಗೆ ಹೇಳುತ್ತಿದ್ದೆವು. ‘ಬೆಕ್ಕೇ, ಹಾಲಿನವನಿಗೆ ನಾಳೆ ಬೇಡ ಅನ್ನಬೇಕು’ ಎಂದು ಅವಳು ಅನ್ನುವಳು. ‘ಬೆಕ್ಕೇ, ಆಗಲೇ ಹೇಳಾಯಿತು’ ಎಂದು ನಾನು ಅನ್ನುವೆ. ಬೆಕ್ಕು ಮುದಿಯಾಗಿ, ಅದಕ್ಕೆ ಕಿವಿ ಕೇಳಿಸದಂತಾದ ಮೇಲೂ ನಾವು ಅದನ್ನು ಬಿಡಲಿಲ್ಲ.

ಸಿಂಗಾರಮ್ಮನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ಅವಳಿಗೆ ಅರ್ಧಕ್ಕೆ ಬಿಟ್ಟದ್ದು ಯಾವುದೂ ಕಣ್ಣಿಗೆ ಆಗದು. ಅರ್ಧ ಮುಚ್ಚಿದ ಬಾಗಿಲು, ಅರ್ಧ ಹೆಣೆದ ಹೂವು, ಅರ್ಧ ಕುಡಿದಿಟ್ಟ ನೀರು. ಪಕ್ಕದ ಮನೆಯ ರಂಗೋಲಿಯಲ್ಲಿ ಒಂದು ಗೆರೆ ಸೇರದಿದ್ದರೆ ಹೊರಗೆ ಹೋಗಿ ತಾನೇ ಸೇರಿಸಿ ಬರುವಳು.

ಮಂಗಳವಾರ ಮಧ್ಯಾಹ್ನ ನಾನು ಅಕ್ಕಿಯ ಕಲ್ಲು ಆರಿಸುತ್ತಿದ್ದೆ, ಅವಳು ಗೋಡೆಯ ಕಡೆ ಮುಖ ಮಾಡಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಆಲ್ಬಮ್ಮಿನ ಮೂರನೆಯ ಹಾಡು, ‘ಎರಡು ಲೋಟ’, ಉಪ್ಪಿನ ಭರಣಿಯ ಹಿಂದಿನಿಂದ ಮೆಲ್ಲಗೆ ಎದ್ದಿತು. ನಾನು ಅಕ್ಕಿ ಬಿಟ್ಟು ಬೆರಳು ಬಾಯಿಗಿಟ್ಟೆ.

‘ಎರಡು ಲೋಟ ಇಟ್ಟೆ ನಾನು, ಒಂದಕ್ಕೇ ಕಾಫಿ…’ ಎಂದು ಹಾಡಿ ನಿಂತಿತು. ಸಿಂಗಾರಮ್ಮನೂ ಬೆರಳು ಬಾಯಿಗಿಟ್ಟಿದ್ದಳು. ಅದು ಮತ್ತೆ ಅಷ್ಟೇ ಹಾಡಿ ಅಲ್ಲೇ ನಿಂತಿತು. ಸಿಂಗಾರಮ್ಮನ ಬೆನ್ನು ಬಿಗಿಯಾಯಿತು. ಮೂರನೆಯ ಸಲವೂ ಹಾಗೇ ನಿಂತಾಗ ಅವಳಿಗೆ ತಡೆಯಲಾಗಲಿಲ್ಲ. ಹುಣಸೆಹಣ್ಣು ಅಂಟಿದ ಬೆರಳನ್ನು ಬಾಯಿಂದ ತೆಗೆದು, ಹಾಡಿನ ಕಡೆ ತಿರುಗಿ ರೇಗಿದಳು: ‘ಇನ್ನೊಂದು ಯಾಕೆ ಇಟ್ಟೆ ಮತ್ತೆ, ಎತ್ತಿಡು ಆಚೆ!’

ಬೈದದ್ದೇ. ಆದರೆ ಅದು ಆ ಖಾಲಿ ಜಾಗದಲ್ಲಿ ಹೋಗಿ ಸರಿಯಾಗಿ ಕೂತಿತು, ಡಬ್ಬಕ್ಕೆ ಮುಚ್ಚಳ ಕೂತ ಹಾಗೆ. ಹಾಡು ಒಂದು ಗಳಿಗೆ ಬೆರಗಾಗಿ ನಿಂತು, ಆಮೇಲೆ ಖುಷಿಯಿಂದ ಮುಂದುವರಿಯಿತು. ‘ಎತ್ತಿಡೋಕೆ ಕೈ ಬರಲಿಲ್ಲ, ತೊಳೆದೆ ಹಾಗೆ…’ ಮತ್ತೆ ನಿಂತಿತು. ಅವಳು ಮತ್ತೆ ಬೈದಳು. ಹೀಗೆ ಅದು ಹೇಳಿ ಇವಳು ಬೈದು, ಹಾಡು ಕೊನೆ ಮುಟ್ಟಿತು. ಊರಿನಲ್ಲಿ ಆ ಆಲ್ಬಮ್ಮಿನ ಒಂದು ಹಾಡು ಪೂರ್ತಿಯಾದದ್ದು ಅದೇ ಮೊದಲು.

ಆಮೇಲೆ ಸಿಂಗಾರಮ್ಮ ನನ್ನ ಕಡೆ ತಿರುಗಿದಳು. ಬೆಕ್ಕು ಅಲ್ಲೇ ಇತ್ತು, ಅದನ್ನು ನೋಡಲೂ ಇಲ್ಲ. ‘ಅತ್ತಿಗೆ, ಹುಳಿಗೆ ಬೆಲ್ಲ ಹಾಕಿದ್ರೆ ಅದು ಹುಳಿ ಅಲ್ಲ, ಪಾಯಸ. ಅವತ್ತು ಇಷ್ಟು ಹೇಳೋದು ಬಾಕಿ ಇತ್ತು. ನೀವು ಎದ್ದು ಹೋದ್ರಿ.’

ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಂಡಿದ್ದಳು. ನಾನೂ ಬಿಡಲಿಲ್ಲ. ಸಂಜೆಯವರೆಗೆ ಜಗಳವಾಡಿದೆವು. ಅಷ್ಟು ಚೆನ್ನಾದ ಮಧ್ಯಾಹ್ನ ಈ ಮನೆಯಲ್ಲಿ ಬಹಳ ವರ್ಷಗಳಿಂದ ಆಗಿರಲಿಲ್ಲ.

ಸಂತೆಯ ಹಿಂದಿನ ದಿನ ವಾರಿಜ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು. ಅಭಿಪ್ರಾಯ ಮೊದಲೇ ಕೇಳಬಾರದೆಂದು ಅವಳಿಗೂ ಗೊತ್ತು. ಕುತ್ತಿಗೆಗೆ ಮಫ್ಲರು ಸುತ್ತಿಕೊಂಡಿದ್ದಳು, ಸೆಕೆಯ ದಿನ. ಆಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದು ನಕ್ಕಳು.

‘ಅಜ್ಜಿ, ಎಂಟೂ ವಾಪಸ್ ಬಂದ್ರೆ ನನ್ನ ಬಾಯಿ ಮುಚ್ಚೋಗುತ್ತೆ. ಬೈಸಿಕಲ್ಲೇ ಸಾಕಿತ್ತು, ಇದೆಲ್ಲ ಯಾಕೆ ಬೇಕಿತ್ತು ಅಂತಾರೆ. ನನಗಿನ್ನೂ ಹಾಡೋದು ಬಾಕಿ ಇದೆ ಅಜ್ಜಿ.’

ಹಾಡುಗಳನ್ನು ಹಾಗೆ ಅರ್ಧಕ್ಕೆ ಯಾಕೆ ಬಿಟ್ಟೆ ಎಂದು ಕೇಳಿದೆ. ಅವಳು ಮಫ್ಲರಿನ ತುದಿ ಹಿಡಿದು ಸ್ವಲ್ಪ ಹೊತ್ತು ತಿರುಚಿದಳು. ಹಾಡು ಕಟ್ಟುವಾಗೆಲ್ಲ ಒಂದು ಸಾಲು ತಾನು, ಒಂದು ಸಾಲು ಮನೋಹರ ಎಂದೇ ಕಟ್ಟಿ ರೂಢಿಯಂತೆ. ಅವನ ಸಾಲು ಬರುವ ಕಡೆ ಏನು ಹಾಕಬೇಕೆಂದು ತೋಚಲಿಲ್ಲವಂತೆ. ‘ಬಿಟ್ಟೆ, ಅಷ್ಟೇ’ ಎಂದಳು.

ಒಳಗಿನಿಂದ ಸಿಂಗಾರಮ್ಮ, ಬಿಟ್ಟಳಂತೆ, ಚೆನ್ನಾಯಿತು ಎಂದು ಗೊಣಗಿದ್ದು ಕೇಳಿಸಿತು.

ಸಂತೆಯ ದಿನ ಮೈದಾನದಲ್ಲಿ ಮೂರು ಕುರ್ಚಿ ಹಾಕಿದ್ದರು. ಎಂಟು ಹಾಡುಗಳು ನನ್ನ ಹಿಂದೆಯೇ ನಡೆದುಬಂದು ಕುರ್ಚಿಯ ಕೆಳಗೆ ಗುಂಪಾಗಿ ಕೂತವು. ವಾರಿಜ ಬಳೆ ಅಂಗಡಿಯ ಮರೆಯಲ್ಲಿ ನಿಂತಿದ್ದಳು. ಸಿಂಗಾರಮ್ಮ ನನಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದಳು.

ಮೊದಲು ನಂಜರಾಜಯ್ಯ ಮೇಷ್ಟ್ರು ಎದ್ದರು. ಬಾಯಿ ತುಂಬ ಹೊಗಳಿದರು. ಇದು ಪ್ರೌಢ ಕೃತಿ ಎಂದರು. ಇದರ ಜೀವಾಳವೆಲ್ಲ ಮೌನದಲ್ಲಿದೆ, ಅರ್ಧ ಸಾಲಿಗೆ ನಿಲ್ಲುವ ಈ ಹಾಡುಗಳು ಮನುಷ್ಯನನ್ನು ಶೂನ್ಯದ ಅಂಚಿಗೆ ಒಯ್ದು ನಿಲ್ಲಿಸುತ್ತವೆ, ತಾವು ವಾರವಿಡೀ ಆ ಅಂಚಿನಲ್ಲಿ ನಿಂತು ನಿದ್ದೆಯನ್ನೇ ಮಾಡಲಿಲ್ಲ ಎಂದರು. ಅವರು ಹೊಗಳಿದಷ್ಟೂ ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅಂಥ ದೊಡ್ಡದನ್ನು ತಂದು ನಮ್ಮ ಸೋರುವ ಮನೆಯಲ್ಲಿ ಎಲ್ಲಿ ಕೂರಿಸೋಣ ಎಂದು ಹೂವಿನವಳು ಕೈಮುಗಿದಳು. ಮಕ್ಕಳ ಪರೀಕ್ಷೆ ಮುಗಿಯಲಿ, ಆಮೇಲೆ ಶೂನ್ಯದ ವಿಷಯ ನೋಡೋಣ ಎಂದು ಇನ್ನೊಬ್ಬರು. ಬಳೆ ಅಂಗಡಿಯ ಮರೆಯಲ್ಲಿ ವಾರಿಜ ಮಫ್ಲರಿಗೆ ಇನ್ನೊಂದು ಸುತ್ತು ಹಾಕಿದಳು.

ಆಮೇಲೆ ಕಿರೀಟಿ. ಅವನ ಅಂಗಿಯ ಮೇಲೆ ಈಗಲೂ ಬೈಸಿಕಲ್ಲಿನ ಚಿತ್ರ. ಹುಡುಗನಾಗಿದ್ದಾಗ ಜೋಡಿ ಚಪ್ಪಲಿಯ ಹಾಡು ಕೇಳಿ ತಾನು ಗೇಟು ಹಾರಿ ಕಾಲು ಮುರಿದುಕೊಂಡದ್ದನ್ನು ಹೇಳಿ ಕಣ್ಣೊರೆಸಿಕೊಂಡ. ಈ ಎಂಟರಲ್ಲಿ ಒಂದರಲ್ಲೂ ಸೈಕಲ್ ಬೆಲ್ಲಿನ ಸದ್ದಿಲ್ಲ, ಹಾರಬೇಕೆನಿಸುವುದಿಲ್ಲ, ಮೊಣಕಾಲು ಹಿಡಿದುಕೊಂಡು ಕೂರಬೇಕೆನಿಸುತ್ತದೆ ಎಂದ. ಅವನ ಮೊಣಕಾಲಿಗೂ ಈಗ ವಯಸ್ಸಾಗಿದೆ, ಅದನ್ನು ಅವನು ಹೇಳಲಿಲ್ಲ.

ಹೊತ್ತು ಇಳಿದಿತ್ತು. ಬೋರಣ್ಣ ಮೈಕನ್ನು ನನ್ನ ಮುಂದಿಟ್ಟ. ಜನ ನಗುವುದಕ್ಕೆ ಸಿದ್ಧರಾದರು.

ಹೊಗಳಿದರೆ ಏನಾಗುತ್ತದೆಂದು ಆಗಲೇ ನೋಡಿದ್ದೆ. ಅದೂ ಅಲ್ಲದೆ ನನಗೆ ಹೊಗಳಲು ಬರುವುದಿಲ್ಲ, ದೂರು ಹೇಳಲು ಬರುತ್ತದೆ. ಹಾಗಾಗಿ ದೂರು ಹೇಳಿದೆ. ‘ಅಪ್ಪಾ, ಈ ಹಾಡುಗಳನ್ನ ನನ್ನ ಮನೆಯಿಂದ ಕರ್ಕೊಂಡು ಹೋಗಿ. ಇವು ಅರ್ಧ ಮಾತಾಡಿ ನಿಲ್ಲಿಸ್ತವೆ. ಇನ್ನರ್ಧ ನಮ್ಮನ್ನೇ ಕೇಳ್ತವೆ. ನನ್ನ ನಾದಿನಿ ಎಷ್ಟೋ ವರ್ಷ ಬಾಯಿ ಬಿಟ್ಟವಳಲ್ಲ, ಮಂಗಳವಾರದಿಂದ ನಿಲ್ಲಿಸಿಲ್ಲ.’

ಜನ ನಕ್ಕರು. ಸಿಂಗಾರಮ್ಮ ಸೊಪ್ಪಿನ ಕಟ್ಟು ಹಿಡಿದು ನನ್ನನ್ನು ಸುಡುವ ಹಾಗೆ ನೋಡಿದಳು. ಹೂವಿನವಳು ಮಾತ್ರ ನಗಲಿಲ್ಲ. ಅವಳ ಗಂಡ ಊಟಕ್ಕೆ ಕೂತರೆ ತಟ್ಟೆಯ ಜೊತೆಗೂ ಮಾತಾಡದವನು. ನಿಜವಾಗಿಯೂ ಮಾತಾಡಿಸುತ್ತವೆಯೇ ಎಂದು ಕೇಳಿದಳು.

ನಾನು ಉತ್ತರ ಹೇಳುವ ಮೊದಲೇ ಕುರ್ಚಿಯ ಕೆಳಗಿನಿಂದ ‘ಎರಡು ಲೋಟ’ ಎದ್ದಿತು. ಮೈದಾನವೆಲ್ಲ ಬೆರಳು ಬಾಯಿಗಿಟ್ಟಿತು. ತಕ್ಕಡಿ ಹಿಡಿದವನು ತಕ್ಕಡಿ ಹಿಡಿದೇ ನಿಂತ. ಹಾಡು ‘ಒಂದಕ್ಕೇ ಕಾಫಿ’ವರೆಗೆ ಬಂದು ನಿಂತಿತು. ಮೇಷ್ಟ್ರು ಕಣ್ಣು ಮುಚ್ಚಿ ಶೂನ್ಯದ ಅಂಚಿಗೆ ಹೊರಟರು. ಹಾಡು ಒಬ್ಬೊಬ್ಬರ ಮುಖವನ್ನೂ ನೋಡಿತು. ಇಡೀ ಊರು ಅದಕ್ಕೆ ಮರ್ಯಾದೆ ಕೊಡುತ್ತ ನಿಂತಿತ್ತು.

ನಾನು ಸಿಂಗಾರಮ್ಮನನ್ನು ನೋಡಿದೆ. ಹತ್ತು ಜನರ ನಡುವೆ ಅವಳು ಯಾವತ್ತೂ ಬಾಯಿ ತೆರೆದವಳಲ್ಲ. ಅವಳು ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಸೊಪ್ಪಿನವಳ ಬುಟ್ಟಿಗೆ ವಾಪಸು ಹಾಕಿದಳು. ಹಾಡು ಎರಡನೆಯ ಸಲ ನಿಂತಿತು. ಮೂರನೆಯ ಸಲ ನಿಂತಿತು.

‘ಇನ್ನೊಂದು ಯಾಕೆ ಇಟ್ಟೆ ಮತ್ತೆ, ಎತ್ತಿಡು ಆಚೆ!’

ಸೊಪ್ಪಿನವಳ ಬುಟ್ಟಿ ಉರುಳಿತು. ಹಾಡಿನ ನಡುವೆ ಒಬ್ಬರು ಬಾಯಿ ಹಾಕಿದ್ದನ್ನು ಆ ಮೈದಾನ ಕಂಡಿರಲಿಲ್ಲ. ಆದರೆ ಹಾಡು ಅವಳ ಕಡೆಗೆ ಓಡಿಹೋಗಿ ಮುಂದಿನ ಸಾಲು ಹಾಡಿತು. ‘ಎತ್ತಿಡೋಕೆ ಕೈ ಬರಲಿಲ್ಲ, ತೊಳೆದೆ ಹಾಗೆ…’ ಎಂದು ನಿಂತಾಗ, ಈ ಸಲ ಹೂವಿನವಳು, ಅವಳಿಗೇ ತಿಳಿಯದ ಹಾಗೆ, ‘ತೊಳೆದಿಟ್ಟರೆ ಬರ್ತಾನೇನೆ, ಕುಡಿ ಬೇಗ’ ಎಂದುಬಿಟ್ಟಳು. ಅದೂ ಸರಿಯಾಗಿ ಕೂತಿತು. ಮುಂದಿನದಕ್ಕೆ ತಕ್ಕಡಿಯವನು. ನಂಜರಾಜಯ್ಯನವರು ಎದ್ದು, ಮೌನ, ಮೌನ, ಇದರ ಜೀವಾಳವೇ ಮೌನ ಎಂದು ಕೈ ಬೀಸಿದರು. ಅವರ ‘ಮೌನ ಮೌನ’ ಕೂಡ ಒಂದು ಖಾಲಿ ಜಾಗದಲ್ಲಿ ಹೋಗಿ ಕೂತು ಹಾಡು ಮುಂದೆ ಹೋಯಿತು. ಕಿರೀಟಿ ಓಡಿಹೋಗಿ ನಿಲ್ಲಿಸಿದ್ದ ಒಂದು ಸೈಕಲ್ಲಿನ ಬೆಲ್ಲು ಹೊಡೆದ. ಅದನ್ನೂ ಹಾಡು ಬೇಡವೆನ್ನಲಿಲ್ಲ.

ಉಳಿದ ಏಳೂ ನನ್ನ ಕುರ್ಚಿಯ ಕೆಳಗಿನಿಂದ ಹೊರಗೆ ಬಂದವು. ದೀಪ ಹಚ್ಚುವ ಹೊತ್ತಿಗೆ ‘ಬಾರಪ್ಪ, ಬಾರಪ್ಪ’ ಎಂಬ ಕೂಗಿನಲ್ಲಿ ಸಂತೆಯ ಕೂಗು ಕೇಳಿಸದಾಯಿತು. ಛತ್ರಿ ರಿಪೇರಿಯವನು ಕರೆಯಲು ಬಾರದೆ ಬೆರಳು ಮಡಿಸಿ ತೋರಿಸಿದ. ಒಂದು ಹಾಡು ಅವನ ಹಿಂದೆಯೂ ಹೋಯಿತು. ವಾರಿಜ ಮಫ್ಲರು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ, ನನ್ನ ಕಣ್ಣಿಗೆ ಅಷ್ಟು ದೂರ ಕಾಣಿಸುವುದಿಲ್ಲ.

ಬೋರಣ್ಣನಿಗೆ ಮಾತ್ರ ಎಲ್ಲ ಕಾಣಿಸುತ್ತದೆ. ಅವನು ನನ್ನ ಮುಂದೆ ಬಂದು ನಿಂತ.

‘ಗೌರಜ್ಜಿ, ನಿಮ್ಮ ಬಾಯಿ ಅಲ್ಲಾಡ್ತಿತ್ತು.’

‘ಎಲೆ ಅಡಿಕೆ ಕಣಪ್ಪ.’

‘ಎಲೆ ಅಡಿಕೆಯನ್ನ ಯಾರಜ್ಜಿ ತಾಳಕ್ಕೆ ಅಗೀತಾರೆ?’

ನನಗೆ ತಾಳವೆಂದರೆ ಬಾಗಿಲು ಬಡಿದ ಸದ್ದು. ಅದು ಯಾವಾಗ ಒಳಗೆ ಬಂತೋ ತಿಳಿಯದು. ಎದ್ದು ಕುರ್ಚಿಯ ಬೆನ್ನನ್ನು ಒಮ್ಮೆ ಸವರಿ ಪಕ್ಕಕ್ಕೆ ನಿಂತೆ. ಕಟ್ಟಳೆ ಕಟ್ಟಳೆಯೇ. ಕುರ್ಚಿ ಒಂದು ದಿನವೂ ಖಾಲಿ ಇರಬಾರದೆಂಬುದೂ ಕಟ್ಟಳೆ. ಬೋರಣ್ಣ ಸಿಂಗಾರಮ್ಮನ ಕಡೆ ತಿರುಗಿ, ನೀವು ಹಾಡಿದಿರಲ್ಲ, ಸಂಗೀತ ಎಲ್ಲಿ ಕಲಿತಿರಿ ಎಂದು ಕೇಳಿದ.

‘ಹಾಡಿದ್ನಾ? ಬೈದೆ. ಒಂದು ಕೆಲಸ ಪೂರ್ತಿ ಮಾಡೋಕೆ ಬರಲ್ಲ ಅದಕ್ಕೆ.’

ಬೋರಣ್ಣ ಅವಳಿಗೆ ಅಲ್ಲೇ ಕುರ್ಚಿ ತೋರಿಸಿದ. ಅವಳು ಮೊದಲು ಸೆರಗಿನಿಂದ ಅದನ್ನು ಒರೆಸಿದಳು. ನಾನು ಕೂತಿದ್ದ ಕಡೆ ಚೆನ್ನಾಗಿ ಒರೆಸಿದಳು.

ಈಗ ಹಾಡು ಹಾಡುವಾಗ ಬೆರಳಿಡುವ ಪದ್ಧತಿ ನಮ್ಮೂರಿನಲ್ಲಿ ಸಡಿಲವಾಗಿದೆ. ಹೂವಿನವಳ ಗಂಡ ಊಟದ ಹೊತ್ತಿಗೆ ಒಂದು ಸಾಲು ಹೇಳುತ್ತಾನಂತೆ. ಅದು ಉಪ್ಪು ಕಡಿಮೆ ಎಂಬ ಸಾಲು, ಆದರೂ ಸಾಲು. ವಾರಿಜ ಇನ್ನೊಂದು ಆಲ್ಬಂ ಕಟ್ಟುತ್ತಿದ್ದಾಳೆ. ಕಿರೀಟಿ ಅಂಗಿಯ ಮೇಲೆ ಮೂರು ಗಂಟೆ ತೋರಿಸುವ ಗಡಿಯಾರ ಅಚ್ಚು ಹಾಕಿಸಿಕೊಂಡು, ಹೊಸದು ಏನೇ ಬಂದರೂ ‘ಮಧ್ಯಾಹ್ನ ಮೂರು ಗಂಟೆ’ಯ ಹಾಗಿರುವುದಿಲ್ಲ ಎಂದು ಈಗಲೇ ಹೇಳಿಕೊಂಡು ತಿರುಗುತ್ತಿದ್ದಾನೆ.

ಸಂತೆಯ ದಿನ ಸಿಂಗಾರಮ್ಮ ಕುರ್ಚಿಯಲ್ಲಿ ಬೆನ್ನು ಆನಿಸದೆ ನೆಟ್ಟಗೆ ಕೂರುತ್ತಾಳೆ, ನಾನು ಪಕ್ಕದಲ್ಲಿ ಕ್ರೇಟಿನ ಮೇಲೆ. ಮನೆಯಲ್ಲಿ ಒಲೆ ಒಂದಾಗಿದೆ. ಹುಳಿಗೆ ಬೆಲ್ಲ ಹಾಕಿದ ದಿನ ಅವಳು ಬೈಯುತ್ತಾಳೆ, ಹಾಕದ ದಿನ ನಾನು. ಮಧ್ಯಾಹ್ನ ಉಪ್ಪಿನ ಭರಣಿಯ ಹಿಂದೆ ಆ ಹಾಡು ಏಳುತ್ತದೆ. ಮೊದಲ ಸಾಲನ್ನು ಅದು ಹಾಡುತ್ತದೆ. ಎರಡನೆಯದನ್ನು ಸಿಂಗಾರಮ್ಮ, ಹುಣಸೆಹಣ್ಣಿನ ಮೇಲಿಂದ ತಲೆ ಎತ್ತದೆ. ಈಚೆಗೆ ಅದರಲ್ಲಿ ಬೈಗುಳ ಇರುವುದಿಲ್ಲ, ಮಾತೂ ಇರುವುದಿಲ್ಲ, ಬರೀ ರಾಗ, ಮೆಲ್ಲಗೆ, ಮೂಗಿನಲ್ಲಿ. ಬೋರಣ್ಣ ಬೀದಿಯಲ್ಲಿ ಹಾದುಹೋಗುವ ಸದ್ದಾದರೆ ನಾನು ಎದ್ದು ಹೋಗಿ ಕಿಟಕಿ ಹಾಕಿ ಬರುತ್ತೇನೆ.